ಒಂದೇ ಸಾಲಿನಲ್ಲಿ ಮೂರು ‘ಐ’: ಉತ್ತರವಿಲ್ಲದ ಪ್ರಶ್ನೆ

ಕ್ಯಾಂಪಸ್ ಸಂದರ್ಶನಗಳ ಕಾಲ ಬಂತೆಂದರೆ ಈ ಅಂಕಣಕ್ಕೆ ಇನ್‌ಕ್ರಿಮೆಂಟ್ ಆಪರೇಟರ್, ಅಂದರೆ ವೇರಿಯಬಲ್ಲಿನ ಬೆಲೆಯನ್ನು ಒಂದು ಹೆಚ್ಚಿಸುವ ++ ಚಿಹ್ನೆ, ಕುರಿತ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ++ಐ ಮೊದಲು ಹೆಚ್ಚಿಸಿ ಹೊಸ ಬೆಲೆ ಕೊಡುತ್ತದೆ, ಐ++ ಹಳೆಯ ಬೆಲೆ ಕೊಟ್ಟು ಹೆಚ್ಚಿಸುತ್ತದೆ; ಮೊದಲ ಸೆಮಿಸ್ಟರ್‌ನ ಆ ಪಾಠವನ್ನು ಇದಕ್ಕಿಂತ ಹೆಚ್ಚು ಇಲ್ಲಿ ಒಪ್ಪಿಸುವುದಿಲ್ಲ.

ಪ್ರಶ್ನೆ: ಐ ಬೆಲೆ 5 ಇರುವಾಗ ಸಿ ಭಾಷೆಯಲ್ಲಿ ಬೆಲೆಗಳನ್ನು ಪರದೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್‌ಗೆ ಕ್ರಮವಾಗಿ ಐ, ++ಐ, ಐ++ ಕೊಟ್ಟರೆ ‘7 7 5’ ಬರುತ್ತದೆಂದು ಮಾರತಹಳ್ಳಿಯ ಕೋಚಿಂಗ್ ಸೆಂಟರ್‌ನಲ್ಲಿ ಹೇಳಿಕೊಟ್ಟರು. ಕಾಲೇಜಿನ ಲ್ಯಾಬ್‌ನಲ್ಲಿ ಹಾಗೆಯೇ ಬಂತು. ಗೆಳತಿಯ ಮ್ಯಾಕ್‌ಬುಕ್‌ನಲ್ಲಿ ‘5 6 6’ ಬಂತು. ಸಂದರ್ಶನದಲ್ಲಿ ಯಾವುದನ್ನು ಹೇಳಲಿ?
— ಅಂತಿಮ ವರ್ಷದ ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಎರಡನ್ನೂ ಹೇಳಬೇಡಿ. ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟ್‌ಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕೆಂದು ಸಿ ಭಾಷೆಯ ಸ್ಟ್ಯಾಂಡರ್ಡ್ ಎಲ್ಲಿಯೂ ವಿಧಿಸಿಲ್ಲ. ಅವುಗಳ ನಡುವಿನ ಅಲ್ಪವಿರಾಮವು ಬರೀ ವಿಭಜಕವೇ ಹೊರತು, ಎಡಗಡೆಯದನ್ನು ಮುಗಿಸಿ ಬಲಕ್ಕೆ ಹೋಗೆನ್ನುವ ಕಾಮಾ ಆಪರೇಟರ್ ಅಲ್ಲ. ಹೀಗೆ ಕ್ರಮವೇ ಗೊತ್ತಿಲ್ಲದ ಕಡೆ ಒಂದೇ ವೇರಿಯಬಲ್ಲನ್ನು ಎರಡು ಸಲ ಬದಲಿಸಿದರೆ ಅದು ‘ಅನ್‌ಡಿಫೈನ್ಡ್ ಬಿಹೇವಿಯರ್’ ಆಗುತ್ತದೆ, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಏನು ಮಾಡಿದರೂ ಅದನ್ನು ತಪ್ಪೆನ್ನುವಂತಿಲ್ಲ. ಲ್ಯಾಬ್‌ನ ಕಂಪೈಲರ್ ಬಲದಿಂದ ಲೆಕ್ಕ ಹಾಕಿದೆ, ಮ್ಯಾಕ್‌ಬುಕ್‌ನ ಕ್ಲ್ಯಾಂಗ್ ಕಂಪೈಲರ್ ಎಡದಿಂದ ಹಾಕಿದೆ. ನಾಳೆ ಆಪ್ಟಿಮೈಸೇಶನ್ (ಕೋಡನ್ನು ಚುರುಕುಗೊಳಿಸುವ) ಮಟ್ಟ ಬದಲಿಸಿದರೆ ಮೂರನೆಯ ಉತ್ತರವೂ ಬರಬಹುದು.

‘ಯಾವಾಗಲೂ ಬಲದಿಂದ ಎಡಕ್ಕೆ’ ಎಂಬ ಸೂತ್ರವು ಟರ್ಬೊ ಸಿ ಕಾಲದ ಪಳೆಯುಳಿಕೆ. ಅಂಥ ಹಳೆಯ ಕಂಪೈಲರ್‌ಗಳು ಆರ್ಗ್ಯುಮೆಂಟ್‌ಗಳನ್ನು ಬಲಗಡೆಯಿಂದ ಸ್ಟ್ಯಾಕ್‌ಗೆ (ಮೆಮೊರಿಯ ಒಂದು ಭಾಗಕ್ಕೆ) ಹಾಕುತ್ತಿದ್ದುದರಿಂದ ಲೆಕ್ಕವೂ ಅದೇ ಕ್ರಮದಲ್ಲಿ ನಡೆಯುತ್ತಿತ್ತು. ಒಂದು ಕಂಪೈಲರ್‌ನ ಅಭ್ಯಾಸವನ್ನು ಭಾಷೆಯ ನಿಯಮವೆಂದು ಬೋರ್ಡಿನ ಮೇಲೆ ಬರೆದು, ಅದಕ್ಕೆ ಫೀಸು ಬೇರೆ ಕಟ್ಟಿಸಿಕೊಳ್ಳುವವರನ್ನು ನಾನು ಮೇಷ್ಟ್ರೆಂದು ಕರೆಯಲಾರೆ. ನಿಮ್ಮ ಗೆಳತಿಯ ಪರದೆಯ ಮೇಲೆ ಉತ್ತರಕ್ಕಿಂತ ಮೊದಲು ಒಂದು ವಾರ್ನಿಂಗ್ ಬಂದಿರಲೇಬೇಕು. ಲ್ಯಾಬ್‌ನಲ್ಲಿರುವುದು ಜಿಸಿಸಿ ಕಂಪೈಲರ್ ಆಗಿದ್ದರೆ ವಾರ್ನಿಂಗ್‌ಗಳನ್ನು ತೋರಿಸುವ ‘-ವಾಲ್’ (-Wall) ಆಯ್ಕೆ ಕೊಟ್ಟು ನೋಡಿ, ಅದೂ ಎಚ್ಚರಿಸುತ್ತದೆ. ವಾರ್ನಿಂಗ್ ಓದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಇರಲಿಲ್ಲ.

ಸಂದರ್ಶಕರು ಕೇಳಿದರೆ ‘ಇದಕ್ಕೆ ನಿಶ್ಚಿತ ಉತ್ತರವಿಲ್ಲ’ ಎಂದು ಕಾರಣಸಹಿತ ಹೇಳಿ. ಆನ್‌ಲೈನ್ ಪರೀಕ್ಷೆಯಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಅವರಿಗೆ ಬೇಕಾದದ್ದನ್ನು ಗುರುತು ಹಾಕಿ ಮುಂದೆ ಹೋಗಿ, ಆದರೆ ಅದನ್ನು ತಲೆಯಲ್ಲಿಟ್ಟುಕೊಳ್ಳಬೇಡಿ. ಜಾವಾದಲ್ಲಿ ಮಾತ್ರ ಎಡದಿಂದ ಬಲಕ್ಕೆ ಎಂಬ ನಿಯಮವೇ ಇರುವುದರಿಂದ ‘5 6 6’ ಎಂದು ಧೈರ್ಯವಾಗಿ ಹೇಳಬಹುದು.

ಕೆಲಸಕ್ಕೆ ಸೇರಿದ ಮೇಲೆ ++ ಅನ್ನು ಅದರದೇ ಸಾಲಿನಲ್ಲಿ ಅಥವಾ ಫಾರ್ ಲೂಪ್‌ನ ತಲೆಯಲ್ಲಿ ಮಾತ್ರ ಬರೆಯಿರಿ. ಎರಡು ಪಾಯಿಂಟರ್‌ಗಳನ್ನು (ಮೆಮೊರಿ ವಿಳಾಸ ಹಿಡಿದಿರುವ ವೇರಿಯಬಲ್‌ಗಳನ್ನು) ಒಂದೇ ಸಾಲಿನಲ್ಲಿ ಮುಂದೂಡುತ್ತ ಸ್ಟ್ರಿಂಗ್ ನಕಲು ಮಾಡುವ ಪ್ರಸಿದ್ಧ ವೈಲ್ ಲೂಪ್‌ನಲ್ಲಿ ನಿಯಮದ ದೋಷವಿಲ್ಲ. ಆದರೂ ಹೊಸಬರು ಬರೆದು ತಂದರೆ ನಾನು ಕೋಡ್ ರಿವ್ಯೂನಲ್ಲಿ ಬಿಡಿಸಿ ಬರೆಯಿರೆಂದು ವಾಪಸು ಕಳಿಸುತ್ತೇನೆ. ಇದನ್ನು ನನ್ನೊಬ್ಬನ ಮಡಿವಂತಿಕೆ ಎನ್ನುವವರು ಗೋ ಭಾಷೆಯನ್ನು ನೋಡಲಿ: ಅಲ್ಲಿ ಐ++ ಒಂದು ಸ್ವತಂತ್ರ ಸ್ಟೇಟ್‌ಮೆಂಟ್ ಆಗಿದ್ದು, ಇನ್ನೊಂದು ಲೆಕ್ಕದೊಳಗೆ ತೂರಿಸಲು ಬರುವುದಿಲ್ಲ. ಸ್ವಿಫ್ಟ್ ಭಾಷೆಯಂತೂ 2016ರ ಮೂರನೆಯ ಆವೃತ್ತಿಯಲ್ಲಿ ++ ಅನ್ನೇ ತೆಗೆದುಹಾಕಿತು.

ಪ್ರಶ್ನೆ: ಐ++ ಗಿಂತ ++ಐ ವೇಗವೇ?

ಉತ್ತರ: ಪೂರ್ಣಾಂಕಗಳಿಗೆ, ಬೆಲೆಯನ್ನು ಬೇರೆಲ್ಲೂ ಬಳಸದಿದ್ದಾಗ, ಇಲ್ಲ. ಸಿ++ನಲ್ಲಿ ಪಟ್ಟಿಯ ಅಂಶಗಳ ಮೇಲೆ ಒಂದೊಂದಾಗಿ ಸಾಗುವ ಇಟರೇಟರ್‌ಗಳಲ್ಲಿ ಮಾತ್ರ ಐ++ ಹಳೆಯ ಬೆಲೆಯ ಒಂದು ಪ್ರತಿಯನ್ನು ಮಾಡಬೇಕಾಗುವುದರಿಂದ ++ಐ ರೂಢಿಸಿಕೊಳ್ಳಿ.

ಪ್ರಶ್ನೆ: ಪಿಡಿಪಿ-11 ಎಂಬ ಹಳೆಯ ಕಂಪ್ಯೂಟರಿಗಾಗಿಯೇ ++ ಹುಟ್ಟಿತೆಂಬುದು ನಿಜವೇ?

ಉತ್ತರ: ಕಟ್ಟುಕಥೆ. ಕೆನ್ ಥಾಂಪ್ಸನ್ ಸಿ ಭಾಷೆಗೆ ಮೂಲವಾದ ತಮ್ಮ ಬಿ ಭಾಷೆಗೆ ಇದನ್ನು ತಂದಾಗ ಪಿಡಿಪಿ-11 ಇರಲೇ ಇಲ್ಲವೆಂದು ಸಿ ಭಾಷೆಯ ಜನಕ ಡೆನಿಸ್ ರಿಚಿಯವರೇ ಬರೆದಿದ್ದಾರೆ.

ಪ್ರಶ್ನೆ: ಪೈಥಾನ್‌ನಲ್ಲಿ ++ಐ ಬರೆದರೆ ಎರರ್ ಬರುವುದಿಲ್ಲ, ಬೆಲೆಯೂ ಹೆಚ್ಚುವುದಿಲ್ಲ. ಇದು ಬಗ್ ಅಲ್ಲವೇ?

ಉತ್ತರ: ಅಲ್ಲ. ಅಲ್ಲಿ ಆ ಆಪರೇಟರ್ ಇಲ್ಲ. ನೀವು ಬರೆದದ್ದು ಒಂದರ ಹಿಂದೊಂದು ಎರಡು ಧನ ಚಿಹ್ನೆ. ಐ += 1 ಎಂದು ಬರೆಯಿರಿ.