ಅಂಕಿ ಇಡುವ ಮೊದಲು ಕಾರಣ

ಪ್ರಶ್ನೆ: ಮಗಳಿಗೆ ಆರು ವರ್ಷ. ನಾಲ್ಕು ಸಾಲಿನ ಪುಟ್ಟ ಸುಡೊಕು ಕೊಟ್ಟರೆ ತೋಚಿದ ಅಂಕಿ ಬರೆಯುತ್ತಾಳೆ. ತಪ್ಪಾಯಿತೆಂದು ಅಳಿಸಿ ಅಳಿಸಿ ಹಾಳೆ ಹರಿದು ಅಳುತ್ತಾಳೆ. ಕೂಡುವ ಲೆಕ್ಕವೂ ಇನ್ನೂ ಪಕ್ಕಾ ಇಲ್ಲ. ಸ್ವಲ್ಪ ದಿನ ಬಿಡುವುದು ಒಳ್ಳೆಯದೇ?

ಉತ್ತರ: ಬಿಡಬೇಕಿಲ್ಲ. ಸುಡೊಕುವಿಗೆ ಕೂಡುವುದು, ಕಳೆಯುವುದು ಬೇಡ. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಎರಡಕ್ಕೆರಡು ಮನೆಯ ಪ್ರತಿ ಒಳಚೌಕದಲ್ಲೂ 1ರಿಂದ 4ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು, ಅಷ್ಟೇ ನಿಯಮ. ಅಲ್ಲಿ ಅಂಕಿಗಳು ಬರೀ ಗುರುತುಗಳು. ನಾಲ್ಕು ಬಣ್ಣ ಇಟ್ಟರೂ ಆಟ ಅದೇ.

ಮೊದಲು ಪೆನ್ಸಿಲು, ರಬ್ಬರು ಎತ್ತಿಡಿ. ರಟ್ಟಿನ ಮೇಲೆ 20 ಸೆಂ.ಮೀ. ಚೌಕ ಬರೆದು, 5 ಸೆಂ.ಮೀ.ಯ 16 ಮನೆ ಮಾಡಿ. ನಾಲ್ಕು ನಾಲ್ಕು ಮನೆಯ ಒಳಚೌಕಗಳಿಗೆ ಬೇರೆ ಬೇರೆ ತಿಳಿಬಣ್ಣ ಹಚ್ಚಿ. ಗೆರೆ ದಪ್ಪ ಮಾಡಿದರಷ್ಟೇ ಸಾಲದು, ಈ ವಯಸ್ಸಿನ ಕಣ್ಣಿಗೆ ಚೌಕದ ಅಂಚು ತಪ್ಪಿಹೋಗುತ್ತದೆ. 1ರಿಂದ 4ರವರೆಗೆ ಪ್ರತಿ ಅಂಕಿಗೂ ನಾಲ್ಕು ಚೀಟಿ ಕತ್ತರಿಸಿ. ಒಗಟಿನಲ್ಲಿ ಕೊಟ್ಟ ಅಂಕಿಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಇಲ್ಲವಾದರೆ ಮಗು ಅವನ್ನೂ ಸರಿಸಿಬಿಡುತ್ತದೆ.

ಮೊದಲ ಒಗಟಿನಲ್ಲಿ ನಾಲ್ಕೇ ಮನೆ ಖಾಲಿ ಇರಲಿ: ಪ್ರತಿ ಅಡ್ಡಸಾಲು, ಕಂಬಸಾಲು, ಒಳಚೌಕದಲ್ಲಿ ಒಂದೊಂದು. ಆಗ ಎಲ್ಲಿ ನೋಡಿದರೂ ಉತ್ತರ ಸಿಗುತ್ತದೆ. ಇದು ಸಲೀಸಾದ ಮೇಲೆ ಒಂದೇ ಸಾಲಿನಲ್ಲಿ ಎರಡು ಮನೆ ಖಾಲಿ ಬಿಡಿ. ಅಡ್ಡಸಾಲಿನಲ್ಲಿ 1, ಖಾಲಿ, ಖಾಲಿ, 4 ಇದೆ ಎನ್ನಿ. ಬೇಕಾದದ್ದು 2 ಮತ್ತು 3. ಎರಡನೆಯ ಕಂಬಸಾಲಿನ ಬುಡದಲ್ಲಿ 3 ಕುಳಿತಿದೆ. ಹಾಗಾದರೆ ಎರಡನೆಯ ಮನೆಗೆ 3 ಬರುವಂತಿಲ್ಲ, ಅಲ್ಲಿ 2, ಪಕ್ಕದಲ್ಲಿ 3. ಒಂದು ಬೆರಳು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಓಡಿಸಲು ಹೇಳಿಕೊಡಿ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ: ಅಡ್ಡಸಾಲು ಸರಿಹೋದ ಖುಷಿಗೆ ಕಂಬಸಾಲು ಮರೆತುಹೋಗುತ್ತದೆ.

ಒಂದು ನಿಯಮ ಮಾತ್ರ ಸಡಿಲಿಸಬೇಡಿ. ಚೀಟಿ ಇಡುವ ಮೊದಲು ‘ಯಾಕೆಂದರೆ’ ಅಂತ ಒಂದು ಮಾತು ಹೇಳಬೇಕು. ‘ಯಾಕೆಂದರೆ ಈ ಸಾಲಲ್ಲಿ 3 ಆಗಲೇ ಇದೆ’ ಎಂದರೆ ಸಾಕು. ಊಹೆಯಲ್ಲಿರುವ ತೊಂದರೆ ಏನೆಂದರೆ, ಮೂರನೆಯ ಚೀಟಿಯಲ್ಲಾದ ತಪ್ಪು ಕೊನೆಯ ಚೀಟಿಗಳ ಹೊತ್ತಿಗೆ ಬಯಲಾಗಬಹುದು. ಅಷ್ಟರಲ್ಲಿ ಯಾವುದನ್ನು ತೆಗೆಯಬೇಕೆಂದೇ ಮಗುವಿಗೆ ತಿಳಿಯುವುದಿಲ್ಲ. ಅಳು ಬರುವುದು ಅದಕ್ಕೇ. ಖಾತ್ರಿ ಇಲ್ಲದ ಚೀಟಿ ಮನೆಯೊಳಗೆ ಬೇಡ, ಸಾಲಿನ ಹೊರಗೆ ಕಾಯಲಿ. ತಪ್ಪು ಕಂಡಾಗ ನೀವಾಗಿ ತೋರಿಸದೆ ‘ಯಾವ ಸಾಲಲ್ಲಿ ಒಂದೇ ಅಂಕಿ ಎರಡು ಸಲ ಬಂದಿದೆ?’ ಎಂದು ಕೇಳಿ. ಗಡಿಯಾರ ಹಿಡಿದು ಕೂರುವುದಂತೂ ಖಂಡಿತ ಬೇಡ. ಅವಸರ ಹುಟ್ಟಿದರೆ ಊಹೆ ಮತ್ತೆ ಶುರು.

ಪ್ರಶ್ನೆ: ಒಗಟುಗಳನ್ನು ನಾನೇ ತಯಾರಿಸುತ್ತೇನೆ. ಮಗ ತುಂಬಿಸಿದ್ದು ನನ್ನ ಉತ್ತರಕ್ಕೆ ಹೊಂದುವುದಿಲ್ಲ, ಆದರೆ ಅದರಲ್ಲಿ ತಪ್ಪೂ ಕಾಣುತ್ತಿಲ್ಲ. ಯಾಕೆ ಹೀಗೆ?

ಉತ್ತರ: ನಿಮ್ಮ ಮಗ ಸರಿಯಾಗಿಯೇ ಮಾಡಿದ್ದಾನೆ, ಅವನಿಗೆ ಹಾಗೆಂದು ಹೇಳಿ. ಒಗಟಿಗೇ ಎರಡು ಉತ್ತರಗಳಿವೆ. ತುಂಬಿದ ಈ ಚೌಕ ನೋಡಿ:

1 2 3 4
3 4 1 2
2 1 4 3
4 3 2 1

ಮೊದಲ ಸಾಲು 1, 2ರಿಂದ ಶುರುವಾಗುತ್ತದೆ, ಮೂರನೆಯದು 2, 1ರಿಂದ. ಈ ನಾಲ್ಕೂ ಮನೆಗಳನ್ನು ಖಾಲಿ ಬಿಟ್ಟರೆ ಮೇಲೆ 2, 1 ಇಟ್ಟು ಕೆಳಗೆ 1, 2 ಇಟ್ಟರೂ ಯಾವ ನಿಯಮವೂ ಮುರಿಯುವುದಿಲ್ಲ. ಹೀಗೆ ಅದಲುಬದಲಾಗಬಲ್ಲ ಜೋಡಿಗಳಲ್ಲಿ ಕನಿಷ್ಠ ಒಂದು ಅಂಕಿ ಉಳಿಸಿ. ಜೊತೆಗೆ 1, 2, 3, 4ರಲ್ಲಿ ಮೂರು ಅಂಕಿಗಳಾದರೂ ಒಗಟಿನಲ್ಲಿ ಕಾಣಿಸಬೇಕು. ಎರಡು ಅಂಕಿ ಪೂರಾ ಮಾಯವಾದರೆ ಅವೆರಡರ ಸ್ಥಾನ ಬದಲಿಸಿ ಇನ್ನೊಂದು ಉತ್ತರ ಮಾಡಬಹುದು. ಇಷ್ಟು ಪಾಲಿಸಿದರೂ ಮಗುವಿಗೆ ಕೊಡುವ ಮೊದಲು ಉತ್ತರ ನೋಡದೆ, ಎಲ್ಲೂ ಊಹಿಸದೆ ನೀವೇ ಒಮ್ಮೆ ಬಿಡಿಸಿ. ಪ್ರತಿ ಅಂಕಿಗೂ ಕಾರಣ ಸಿಕ್ಕರೆ ಉತ್ತರ ಒಂದೇ.

ಪ್ರಶ್ನೆ: 81 ಮನೆಯ ದೊಡ್ಡ ಸುಡೊಕು ಯಾವಾಗ ಕೊಡಬಹುದು?

ಉತ್ತರ: ನಡುವೆ ಆರು ಸಾಲಿನದು ಇರಲಿ. ಅದರ ಒಳಭಾಗ ಚೌಕವಲ್ಲ, ಎರಡು ಸಾಲು ಎತ್ತರ, ಮೂರು ಮನೆ ಅಗಲ. ಮೊದಲೇ ಬೆರಳಿಟ್ಟು ತೋರಿಸಿ. ಇಲ್ಲಿ ‘ಈ ಮನೆಗೆ ಯಾವ ಅಂಕಿ?’ ಎಂಬ ಪ್ರಶ್ನೆಯೊಂದೇ ಸಾಲದು. ‘ಈ ಭಾಗದಲ್ಲಿ 5ಕ್ಕೆ ಜಾಗ ಎಲ್ಲಿ?’ ಎಂದೂ ಹುಡುಕಬೇಕು. ಈ ಎರಡನೆಯ ಪ್ರಶ್ನೆಯನ್ನು ಮಗು ತಾನಾಗಿ ಕೇಳಿಕೊಳ್ಳುವವರೆಗೆ ದೊಡ್ಡದು ಬೇಡ.