ಸ್ಕಿಜೋಫ್ರೇನಿಯಾದ ಜೀನ್ ಪತ್ತೆಯಾಗಿದೆಯೇ?

ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ (ಇಲ್ಲದ್ದು ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ) ಇದೆ, ನಾನು ಜೀನ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ‘ಇದೇ ಆ ಜೀನ್’ ಅಂತ ಬೆರಳಿಟ್ಟು ತೋರಿಸುವಂಥದ್ದು ಒಂದಿಲ್ಲ.

2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 76 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎಯನ್ನು ಕಾಯಿಲೆ ಇಲ್ಲದ 2.4 ಲಕ್ಷ ಜನರದ್ದರ ಜೊತೆ ಹೋಲಿಸಿತು. ಡಿಎನ್‌ಎಯಲ್ಲಿ ಕಾಯಿಲೆಯ ಜೊತೆ ನಂಟಿರುವ 287 ಜಾಗಗಳು ಸಿಕ್ಕವು. ಬಹುತೇಕ ಎಲ್ಲವೂ ಅಪಾಯವನ್ನು ಏರಿಸುವುದು ಚೂರೇ ಚೂರು.

ಅವುಗಳಲ್ಲಿ ನನಗೆ ತುಂಬ ಕುತೂಹಲ ಹುಟ್ಟಿಸಿದ್ದು 6ನೇ ವರ್ಣತಂತುವಿನಲ್ಲಿರುವ (ಕ್ರೋಮೋಸೋಮ್) ಸಿ4 ಎಂಬ ಜೀನ್. ಮೂಲತಃ ಇದು ರೋಗನಿರೋಧಕ ವ್ಯವಸ್ಥೆಯದ್ದು. ಇದರ ಎಷ್ಟು ಪ್ರತಿಗಳಿವೆ ಅನ್ನೋದು ಒಬ್ಬರಿಂದ ಒಬ್ಬರಿಗೆ ಬೇರೆ. ಮಿದುಳು ಬೆಳೆಯುವಾಗ ಬೇಡದ ನರಸಂಧಿಗಳನ್ನು (ನರಕೋಶಗಳ ನಡುವಿನ ಸಂಪರ್ಕಗಳನ್ನು), ತೋಟದಲ್ಲಿ ಗಿಡ ಸವರಿದ ಹಾಗೆ, ಕತ್ತರಿಸಿ ತೆಗೆಯುವುದರಲ್ಲಿ ಇದರ ಕೈವಾಡವಿದೆ ಎಂದು 2016ರಲ್ಲಿ ಇಲಿಗಳಲ್ಲಿ ಕಂಡುಬಂತು. ಹದಿಹರೆಯದಲ್ಲಿ ಈ ಸವರುವಿಕೆ ಅತಿಯಾಗುತ್ತದೆಯೇನೋ ಎಂಬುದು ಊಹೆ. ಕಾಯಿಲೆ ಸಾಮಾನ್ಯವಾಗಿ ಆ ವಯಸ್ಸಿನ ಆಸುಪಾಸಿನಲ್ಲೇ ಶುರುವಾಗುವುದಕ್ಕೆ ಅದು ಹೊಂದುತ್ತದೆ.

ಅಪಾಯ ಏರುವುದು ಚೂರೇ ಚೂರು ಎಂದೆನಲ್ಲ, ಅದಕ್ಕೆ ಒಂದು ಅಪವಾದವಿದೆ. 22ನೇ ವರ್ಣತಂತುವಿನ ಒಂದು ನಿರ್ದಿಷ್ಟ ತುಣುಕೇ ಇಲ್ಲದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಬರುತ್ತದೆ, ಆದರೆ ಅಂಥವರು ಅಪರೂಪ. ಇನ್ನು ಡಿಎನ್‌ಎ ನೋಡಿ ಅಪಾಯ ಎಷ್ಟೆಂದು ಅಂಕ ಕೊಡುವ, ಮಾರಾಟಕ್ಕಿರುವ ‘ರಿಸ್ಕ್ ಸ್ಕೋರ್’ಗಳು ಹೆಚ್ಚಾಗಿ ಯುರೋಪ್ ಮೂಲದವರ ಡಿಎನ್‌ಎ ಮೇಲೆ ನಿಂತಿವೆ, ನಮ್ಮವರಿಗೆ ಸರಿಯಾಗಿ ಹೊಂದುವುದಿಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಎಷ್ಟೋ ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ. ಈ ಕಾಯಿಲೆಯ ಅಪಾಯ ಹೆಚ್ಚಿಸುವ ಗಾಂಜಾದಿಂದ ಮಾತ್ರ ದೂರವಿರಿ.