ಸೊಂಟದಲ್ಲಿ ಪಿಸ್ತೂಲು, ಕೈಗೆ ಕೋಳ

ಗೋಣಿಕೊಪ್ಪದಿಂದ ಬರೆದಿದ್ದೀರಿ. ನಿಮ್ಮ ತಮ್ಮ ಅಮೆರಿಕದ ಓಹಾಯೊ ರಾಜ್ಯದಲ್ಲಿದ್ದಾರೆ, ಅಲ್ಲಿನ ಪೌರರೇ ಆಗಿದ್ದಾರೆ. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಸಂಜೆ ವಾಕಿಂಗ್ ಹೊರಟವರನ್ನು ಪೊಲೀಸರು ಕೋಳ ಹಾಕಿ ಒಯ್ದರು. ಆಮೇಲೆ ಕೇಸು ಬಿದ್ದುಹೋಯಿತು. ಬಂಧನವಾಗಿ ಈಗ ಹದಿನಾಲ್ಕು ತಿಂಗಳು. ಪೊಲೀಸರ ಮೇಲೆ ದಾವೆ ಹಾಕಬಹುದಾ ಅಂತ ಕೇಳಿದ್ದೀರಿ. ‘ನಮ್ಮಲ್ಲಿ ಕೋವಿ ಹಿಡಿದು ನಡೆದರೆ ಯಾರೂ ತಿರುಗಿ ನೋಡಲ್ಲ’ ಅಂತಲೂ ಸೇರಿಸಿದ್ದೀರಿ.

ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮ್ಮಂಥವರು ಲೈಸೆನ್ಸ್ ಇಲ್ಲದೆ ಮುಟ್ಟುವಂತಿಲ್ಲ! ಓಹಾಯೊದಲ್ಲಿ ಬೇರೆಯೇ ಲೆಕ್ಕ. ಕಾನೂನಿನ ಅಡ್ಡಿ ಇಲ್ಲದ ವಯಸ್ಕರು ಎಲ್ಲರಿಗೂ ಕಾಣುವಂತೆ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸೇ ಬೇಡ.

ಅದೇ ರಾಜ್ಯದ ಟೊಲೆಡೊ ನಗರದಲ್ಲಿ 2010ರಲ್ಲಿ ಹೀಗೇ ಆಗಿತ್ತು. ಒಬ್ಬರು ಮನೆಯವರ ಜತೆ ನಾಯಿ ಕರೆದುಕೊಂಡು ಹೊರಟಿದ್ದರು, ಸೊಂಟದಲ್ಲಿ ಪಿಸ್ತೂಲಿತ್ತು. ಯಾರೋ ಅಲ್ಲಿನ ತುರ್ತು ನಂಬರು 911ಕ್ಕೆ ಫೋನ್ ಮಾಡಿದರು. ಪೊಲೀಸರು ಬಂದು ಕೋಳ ಹಾಕಿ ಕಾರಿನಲ್ಲಿ ಕೂರಿಸಿದರು. ಅವರು ದಾವೆ ಹಾಕಿದರು. 2015ರಲ್ಲಿ ಆರನೇ ಸರ್ಕ್ಯೂಟಿನ (ಓಹಾಯೊ ಸೇರಿದ ವಲಯದ) ಫೆಡರಲ್ ಮೇಲ್ಮನವಿ ಕೋರ್ಟು ಅವರ ಪರವಾಗಿ ನಿಂತಿತು. ಕಾನೂನೇ ಒಪ್ಪಿದ ಕೆಲಸ ಮಾಡುತ್ತಿದ್ದಾರೆ ಅನ್ನೋದಷ್ಟೇ ಹಿಡಿದಿಡಲು ಕಾರಣವಾಗಲ್ಲ ಅಂದಿತು. ಅಧಿಕಾರಿಗಳಿಗೆ ಸಾಮಾನ್ಯವಾಗಿ ಸಿಗುವ ‘ಕ್ವಾಲಿಫೈಡ್ ಇಮ್ಯುನಿಟಿ’ ಎಂಬ, ದಾವೆಯಿಂದ ಪಾರಾಗುವ ರಕ್ಷಣೆಯನ್ನೂ ಕೊಡಲಿಲ್ಲ. ಹಾಗಂತ ದುಡ್ಡು ಕೈಗೆ ಬಂದುಬಿಟ್ಟಿತು ಅಂತಲ್ಲ. ಘಟನೆಯಾದ ಐದು ವರ್ಷಕ್ಕೆ ಗೆದ್ದದ್ದು ಜ್ಯೂರಿ ಮುಂದೆ ಹೋಗುವ ಹಕ್ಕನ್ನು.

ಇಂಥ ದಾವೆಗೆ ದಾರಿ 1871ರ ಒಂದು ಕಾನೂನು. ವಕೀಲರು ಅದನ್ನು ‘ಸೆಕ್ಷನ್ 1983’ ಅನ್ನುತ್ತಾರೆ. ಅದು ಇಸವಿಯಲ್ಲ, ಸೆಕ್ಷನ್ ನಂಬರು. ನಾನೂ ಮೊದಲು ಇಸವಿ ಅಂದುಕೊಂಡಿದ್ದೆ.

ನಿಮ್ಮ ಪತ್ರದಲ್ಲಿ ಎರಡು ಸಲ ‘ಕೇಸೇ ಬಿದ್ದುಹೋಯಿತಲ್ಲ’ ಅಂದಿದ್ದೀರಿ. ಅದೊಂದರಿಂದಲೇ ಬಂಧನ ತಪ್ಪು ಅಂತ ಆಗಲ್ಲ. ಆ ಹೊತ್ತಿನಲ್ಲಿ ಪೊಲೀಸರಿಗೆ ಏನು ಗೊತ್ತಿತ್ತು ಅನ್ನೋದೇ ಮುಖ್ಯ. ನಿಮ್ಮ ತಮ್ಮನ ಬಗ್ಗೆ ಫೋನ್ ಮಾಡಿದವರು ‘ಸೊಂಟದಲ್ಲಿ ಗನ್ ಇದೆ’ ಅಂದರಾ, ‘ಗನ್ ತೋರಿಸಿ ಹೆದರಿಸ್ತಿದ್ದಾನೆ’ ಅಂದರಾ? ಎರಡನೆಯದಾದರೆ ಗೆಲ್ಲೋದು ಕಷ್ಟ.

ಇನ್ನು ಗಡುವು. ಓಹಾಯೊದಲ್ಲಿ ಇಂಥ ದಾವೆಗೆ ಎರಡೇ ವರ್ಷ. ಕೇಸು ಬಿದ್ದ ದಿನದಿಂದ ಎಣಿಸಬೇಡಿ, ಬಂಧನದ ದಿನದಿಂದಲೇ ಎಣಿಸೋದು ಕ್ಷೇಮ. ಪೊಲೀಸ್ ಇಲಾಖೆಗೆ ದೂರು ಕೊಟ್ಟು ಉತ್ತರಕ್ಕೆ ಕಾಯ್ತಿದ್ದಾರೆ ಅಂದಿರಿ. ಕಾಯಲಿ, ಆದರೆ ಗಡುವು ಅದಕ್ಕಾಗಿ ನಿಲ್ಲಲ್ಲ. ಉಳಿದಿರೋದು ಹತ್ತು ತಿಂಗಳು.

ವಕೀಲರ ಫೀಸಿನ ಚಿಂತೆ ಜಾಸ್ತಿ ಬೇಡ. ಗೆದ್ದರೆ ಎದುರು ಪಕ್ಷದವರೇ ಅದನ್ನು ಕಟ್ಟಬೇಕೆಂದು ಕೋರ್ಟು ಹೇಳಬಹುದು.

ಎಚ್-1ಬಿ ಎಂಬ ಉದ್ಯೋಗ ವೀಸಾ ಮೇಲೆ ಅಮೆರಿಕದಲ್ಲಿ ಇರುವ ಮಕ್ಕಳ ತಂದೆತಾಯಿಯರೂ ಇದನ್ನು ಓದುತ್ತಿರಬಹುದು. ಆ ವೀಸಾದವರು ಬಂದೂಕು ಇಟ್ಟುಕೊಳ್ಳೋದೇ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಇಡೀ ಅಮೆರಿಕಕ್ಕೆ ಅನ್ವಯಿಸುವ ಫೆಡರಲ್ ಕಾನೂನಿನಡಿ ಅಪರಾಧ. ನಿಮ್ಮ ತಮ್ಮನ ಕಥೆ ಅವರಿಗೆ ಅನ್ವಯಿಸಲ್ಲ.

ಇವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿ, ಅಲ್ಲಿ ಆಗ ಬೆಳಗ್ಗೆ ಅಲ್ವಾ. 911 ಕರೆಯ ರೆಕಾರ್ಡಿಂಗ್, ಪೊಲೀಸರ ಬಾಡಿ ಕ್ಯಾಮೆರಾ ದೃಶ್ಯ ಎರಡನ್ನೂ ಅಳಿಸುವ ಮೊದಲೇ ಬರಹದಲ್ಲಿ ಕೇಳಲಿ.

– ಸಂಪಾದಕ